ಹಶೀಶ್‌ನಿಂದ ವೇಪ್‌ವರೆಗೆ: ಬುದ್ಧಿಗೆ ಕವಿದ ಹೊಗೆಯ ಚರಿತ್ರೆ

ಕಳೆದ ತಿಂಗಳ ಜುಮಾ ಖುತ್ಬಾಗಳಲ್ಲಿ ಬುದ್ಧಿಯ ರಕ್ಷಣೆ ಎಂಬ ವಿಷಯವನ್ನು ತೆಗೆದುಕೊಂಡಿದ್ದೆವು. ಶರೀಅತ್ ಕಾಪಾಡಬಯಸುವ ಐದು ಸಂಗತಿಗಳನ್ನು ಇಮಾಮ್ ಗಝ್ಝಾಲಿ (ರ) ಎಣಿಸಿದ್ದಾರೆ: ದೀನ್, ಪ್ರಾಣ, ಬುದ್ಧಿ, ಸಂತಾನ, ಸಂಪತ್ತು. ಬುದ್ಧಿ ಹೋದವನ ಮೇಲೆ ನಮಾಜ್ ಕೂಡ ಫರ್ಜ್ ಅಲ್ಲ. ಅಂದರೆ ಉಳಿದ ನಾಲ್ಕನ್ನೂ ಕಾಯುವ ಕಾವಲುಗಾರ ಬುದ್ಧಿಯೇ. ಮಿಂಬರಿನ ಮೇಲೆ ಸಿಗುವ ಹೊತ್ತು ಕಡಿಮೆ, ಆದ್ದರಿಂದ ಆ ವಿಷಯದ ಚರಿತ್ರೆಯ ಭಾಗ ಹಾಗೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ. ಖುತ್ಬಾದ ನಂತರ ಪಿಯುಸಿ ಓದುವ ವಯಸ್ಸಿನ ಹುಡುಗರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ‘ಹಜರತ್, ಕುರ್‌ಆನ್‌ನಲ್ಲಿ ಶರಾಬಿನ ಹೆಸರಿದೆ, ಗಾಂಜಾದ ಹೆಸರು ಎಲ್ಲಿದೆ?’ ಇನ್ನೊಂದು, ‘ವೇಪ್ ಸಿಗರೇಟ್ ಅಲ್ಲವಲ್ಲ ಹಜರತ್, ಬರೀ ಹಬೆ ಅಲ್ಲವಾ?’ ಇವು ಉಡಾಫೆಯ ಪ್ರಶ್ನೆಗಳು ಎಂದು ಹಿರಿಯರು ಗದರುವುದನ್ನು ನೋಡಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮೊದಲನೆಯ ಪ್ರಶ್ನೆಗೆ ಏಳುನೂರು ವರ್ಷ ವಯಸ್ಸಾಗಿದೆ. ಕೈರೋದ, ದಮಸ್ಕಸ್‌ನ ದೊಡ್ಡ ದೊಡ್ಡ ಉಲಮಾಗಳು ಅದಕ್ಕೆ ಉತ್ತರ ಬರೆಯಲು ಪುಸ್ತಕಗಳನ್ನೇ ಬರೆದಿದ್ದಾರೆ. ಹುಡುಗರಿಗೆ ಗದರಿಕೆಗಿಂತ ಆ ಉತ್ತರಗಳು ಬೇಕು.

ಮೊದಲು ಶರಾಬಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ಕುರ್‌ಆನ್ ಅದನ್ನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಸೂರಃ ಅಲ್‌ಬಕರದಲ್ಲಿ ಅದರ ಲಾಭಕ್ಕಿಂತ ಪಾಪ ದೊಡ್ಡದು ಎಂದು ತಿಳಿಸಿತು, ಅನ್ನಿಸಾದಲ್ಲಿ ಅಮಲಿನ ಸ್ಥಿತಿಯಲ್ಲಿ ನಮಾಜಿನ ಹತ್ತಿರ ಬರಬೇಡಿ ಎಂದಿತು, ಕೊನೆಗೆ ಅಲ್‌ಮಾಇದದಲ್ಲಿ ಪೂರ್ತಿ ದೂರವಿರಲು ಆಜ್ಞೆಯಾಯಿತು. ಹಝ್ರತ್ ಉಮರ್ (ರ) ಮಿಂಬರಿನ ಮೇಲೆ ನಿಂತು ಇದನ್ನು ವಿವರಿಸಿದ್ದು ಬುಖಾರಿಯಲ್ಲಿದೆ. ಶರಾಬು ಆಗ ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಜವೆ ಈ ಐದರಿಂದ ತಯಾರಾಗುತ್ತಿತ್ತು ಎಂದು ಎಣಿಸಿ ಹೇಳಿದ ಮೇಲೆ, ಬುದ್ಧಿಯನ್ನು ಮುಚ್ಚುವುದೆಲ್ಲವೂ ಖಮ್ರ್ ಎಂದು ಅವರು ತೀರ್ಮಾನ ಕೊಟ್ಟರು. ವಸ್ತುವಿನ ಹೆಸರನ್ನು ಅಲ್ಲಿಗೇ ಬಿಟ್ಟು ಅದು ಮಾಡುವ ಕೆಲಸವನ್ನು ಹಿಡಿದರು. ಉಮ್ಮು ಸಲಮಾ (ರ) ಅವರಿಂದ ಅಬೂದಾವೂದ್‌ನಲ್ಲಿ ಬಂದಿರುವ ಹದೀಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಮಲೇರಿಸುವುದನ್ನಷ್ಟೇ ಅಲ್ಲ, ಮೈಮನಸ್ಸನ್ನು ಜಡ ಮಾಡುವುದನ್ನೂ ಪ್ರವಾದಿ (ಸ) ತಡೆದರು ಎಂದು ಅದರಲ್ಲಿದೆ.

ಆ ಕಾಲದ ಮದೀನಾದಲ್ಲಿ ಹಶೀಶ್‌ನ ಚಟ ಇರಲಿಲ್ಲ. ಹಶೀಶ್ ಎಂದರೆ ಅರಬಿಯಲ್ಲಿ ಬರೀ ‘ಹುಲ್ಲು’ ಎಂದರ್ಥ. ಗಾಂಜಾ ಗಿಡಕ್ಕೆ ಅದು ಗುಟ್ಟಿನ ಹೆಸರಿನಂತೆ ಅಂಟಿಕೊಂಡಿತು. ಖುರಾಸಾನಿನ ಹೈದರ್ ಎಂಬ ಫಕೀರ ಕಾಡಿನಲ್ಲಿ ಈ ಗಿಡ ಕಂಡು ತಿಂದು ತನ್ನ ಶಿಷ್ಯರಿಗೆ ಕಲಿಸಿದ ಎಂಬ ಕಥೆ ಆಗ ಹಬ್ಬಿತ್ತು, ಅದರಲ್ಲಿ ಎಷ್ಟು ನಿಜ ಎಷ್ಟು ಕಟ್ಟುಕಥೆ ಅಲ್ಲಾಹನೇ ಬಲ್ಲ. ಕ್ರಿ.ಶ. 1200ರ ಸುಮಾರಿನಿಂದ, ತಾತಾರರ ದಾಳಿಯ ಕಾಲದಲ್ಲಿ, ಇದರ ಬಳಕೆ ಇರಾಕ್, ಶಾಮ್, ಈಜಿಪ್ಟ್‌ಗಳಲ್ಲಿ ಬಹಳ ಹೆಚ್ಚಿತು ಎಂಬುದು ಮಾತ್ರ ಹಲವರು ಬರೆದಿರುವ ಸಂಗತಿ.

ಇಲ್ಲಿ ಇಬ್ನುಲ್ ಬೈತಾರ್ ಎಂಬ ವೈದ್ಯರ ಹೆಸರನ್ನು ನೆನಪಿಡಬೇಕು. ಅವರು ಸ್ಪೇನಿನ ಮಾಲಗಾದವರು, 1248ರಲ್ಲಿ ದಮಸ್ಕಸ್‌ನಲ್ಲಿ ತೀರಿಕೊಂಡರು. ಗಿಡಮೂಲಿಕೆ, ಆಹಾರಗಳ ಮೇಲೆ ಅವರು ಬರೆದ ಕೋಶ ಶತಮಾನಗಳ ಕಾಲ ವೈದ್ಯರ ಕೈಪಿಡಿಯಾಗಿತ್ತು. ಈಜಿಪ್ಟ್‌ನ ತೋಟಗಳಲ್ಲಿ ಬೆಳೆಯುತ್ತಿದ್ದ ಒಂದು ಜಾತಿಯ ಗಿಡವನ್ನು ಅವರು ‘ಹಿಂದೀ’ ಎಂದೇ ಕರೆದಿದ್ದಾರೆ. ಅಂದರೆ ನಮ್ಮ ದೇಶದ ಹೆಸರೇ ಅದಕ್ಕೆ. ಒಂದೆರಡು ದಿರ್ಹಮ್ ತೂಕದಷ್ಟು ತಿಂದರೆ ಬಹಳ ಅಮಲೇರುತ್ತದೆ, ಅತಿಯಾಗಿ ತಿಂದವರಲ್ಲಿ ಬುದ್ಧಿ ಕೆಟ್ಟು ಹುಚ್ಚಿನವರೆಗೆ ಹೋದವರಿದ್ದಾರೆ, ಸತ್ತವರೂ ಇದ್ದಾರೆ ಎಂದು ಅವರು ದಾಖಲಿಸಿದ್ದಾರೆ. ಫಕೀರರು ಅದನ್ನು ಹೇಗೆ ಹುರಿದು, ಪುಡಿ ಮಾಡಿ, ಎಳ್ಳು ಸಕ್ಕರೆ ಬೆರೆಸಿ ತಿನ್ನುತ್ತಾರೆ ಎಂಬುದನ್ನೂ ನೋಡಿಯೇ ಬರೆದಿದ್ದಾರೆ. ಗಾಂಜಾಕ್ಕೂ ಮನೋರೋಗಕ್ಕೂ ಇರುವ ಸಂಬಂಧ ಈಚೆಗೆ ಇಂಗ್ಲಿಷ್ ಡಾಕ್ಟರುಗಳು ಕಂಡುಹಿಡಿದದ್ದು ಎಂದು ಭಾವಿಸಿರುವವರು ಈ ವೈದ್ಯರನ್ನು ಓದಬೇಕು. ಅವರು ಫತ್ವಾ ಕೊಡಲು ಕೂತವರಲ್ಲ. ರೋಗಿಗಳನ್ನು ಕಂಡವರು, ಕಂಡದ್ದನ್ನು ಬರೆದವರು.

ಫುಕಹಾಗಳಿಗೆ ಮಾತ್ರ ಇದು ಕಷ್ಟದ ಪ್ರಶ್ನೆಯಾಯಿತು. ನಾಲ್ಕು ಮಝ್‌ಹಬ್‌ಗಳ ಇಮಾಮರು ಈ ಚಟವನ್ನು ಕಂಡಿರಲಿಲ್ಲ, ಅವರ ಮಾತು ಸಿಗುವುದಿಲ್ಲ. ಸೇವಿಸುವವರು ಇದನ್ನೇ ಹಿಡಿದುಕೊಂಡರು. ಇದು ಕುಡಿಯುವುದಲ್ಲ, ತಿನ್ನುವುದು, ಶರಾಬಲ್ಲ, ಹುಲ್ಲು, ಯಾವ ಇಮಾಮರೂ ಹರಾಮ್ ಎಂದಿಲ್ಲ ಎಂದು ವಾದಿಸಿದರು. ಈಜಿಪ್ಟ್‌ನ ಮಾಲಿಕೀ ವಿದ್ವಾಂಸ ಕರಾಫೀ (ಮರಣ 1285) ಇದನ್ನು ಬಹಳ ಸೂಕ್ಷ್ಮವಾಗಿ ನೋಡಿದರು. ಶರಾಬು ಕುಡಿದವನಿಗೆ ಹುರುಪು, ಜಂಬ, ಜಗಳದ ಬುದ್ಧಿ ಬರುತ್ತದೆ, ಹಶೀಶ್ ತಿಂದವನು ಮಂಕಾಗಿ ಬಿದ್ದಿರುತ್ತಾನೆ, ಆದ್ದರಿಂದ ಇದು ಅಮಲಿನ ವಸ್ತುವಿಗಿಂತ ಬುದ್ಧಿಯನ್ನು ಕೆಡಿಸುವ ವಸ್ತು ಎಂದರು. ಹಾಗೆಂದು ಹಲಾಲ್ ಎನ್ನಲಿಲ್ಲ. ನಿಷಿದ್ಧವೇ, ಆದರೆ ಶಿಕ್ಷೆಯ ಪ್ರಮಾಣವನ್ನು ಕಾಝಿ ತೀರ್ಮಾನಿಸಬೇಕು ಎಂದರು. ಶೇಖ್ ಇಬ್ನು ತೈಮಿಯ್ಯ (1263–1328) ಇದನ್ನು ಒಪ್ಪದೆ, ಶರಾಬಿಗೆ ಏನು ಶಿಕ್ಷೆಯೋ ಇದಕ್ಕೂ ಅದೇ ಎಂದು ಬಿಗಿಯಾಗಿ ನಿಂತರು. ಮುಂದಿನ ಶತಮಾನದಲ್ಲಿ ಶಾಫಿಈ ವಿದ್ವಾಂಸ ಝರ್ಕಶೀ (ಮರಣ 1392) ಹಶೀಶ್ ಹರಾಮ್ ಎಂಬುದರ ಮೇಲೆಯೇ ಪ್ರತ್ಯೇಕ ಕಿರುಗ್ರಂಥ ಬರೆದರು. ಅದರಲ್ಲಿ ಅದು ದೇಹಕ್ಕೂ ಬುದ್ಧಿಗೂ ಮಾಡುವ ಹಾನಿಯ ವಿವರ ಇದೆ. ಮದ್ರಸಾದಲ್ಲಿ ಈ ಚರ್ಚೆಗಳನ್ನು ಓದುವಾಗ ಇವು ಹಳೆಯ ಕಾಲದ ಸೂಕ್ಷ್ಮ ವಾದಗಳು ಎನಿಸುತ್ತಿತ್ತು. ಈಗ ನಮ್ಮ ಊರಿನ ಹುಡುಗ ಅದೇ ವಾದವನ್ನು ಅದೇ ಕ್ರಮದಲ್ಲಿ ಮುಂದಿಡುತ್ತಾನೆ.

ಸುಲ್ತಾನರು ಏನು ಮಾಡಿದರು? ಬೈಬರ್ಸ್ (ಆಳ್ವಿಕೆ 1260–1277) ನಿಷೇಧಿಸಿದ. ನೂರು ವರ್ಷದ ನಂತರವೂ ಅದು ಕೈರೋದಲ್ಲಿ ಇತ್ತು. 1378ರ ಸುಮಾರಿಗೆ ಸೂದೂನ್ ಶೈಖೂನೀ ಎಂಬ ಅಮೀರ ಗಿಡಗಳನ್ನು ಕೀಳಿಸಿ, ತಿಂದು ಸಿಕ್ಕಿಬಿದ್ದವರ ಹಲ್ಲುಗಳನ್ನೂ ಕೀಳಿಸಿದ. ಚರಿತ್ರಕಾರ ಮಕ್ರೀಝಿ ಮುಂದಿನ ಶತಮಾನದ ಆರಂಭದ ಬಗ್ಗೆ ಬರೆಯುವಾಗ, ಜನ ನಾಚಿಕೆಯಿಲ್ಲದೆ ಬಹಿರಂಗವಾಗಿ ಸೇವಿಸುತ್ತಿದ್ದರು ಎಂದು ಬೇಸರಪಡುತ್ತಾನೆ. ಹಲ್ಲು ಹೋಯಿತು, ಚಟ ಉಳಿಯಿತು. ಹುಡುಗ ಸಿಕ್ಕಿಬಿದ್ದ ದಿನ ಬೆಲ್ಟ್ ತೆಗೆಯುವ ತಂದೆಯಂದಿರು ಈ ಒಂದು ಸಾಲಿನ ಮೇಲೆ ಸ್ವಲ್ಪ ನಿಲ್ಲಬೇಕೆಂದು ನನ್ನ ಕೋರಿಕೆ.

ಈಗ ಕೈರೋ ಬಿಟ್ಟು ನಮ್ಮ ನಾಡಿಗೆ ಬರೋಣ. ವೇಪ್‌ನ ಕಥೆಗೆ ಹತ್ತಿರದ ಕಥೆ ನಮ್ಮ ಬಿಜಾಪುರದಲ್ಲೇ ನಡೆದಿದೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಮ್ಮ ರಾಯಚೂರು ದೋಆಬ್ 1565ರ ತಾಳಿಕೋಟೆ ಯುದ್ಧದ ನಂತರ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಆಗಿನ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಮದುವೆ ಮಾಡುವ ಮಾತುಕತೆಗೆ ಅಸದ್ ಬೇಗ್ ಎಂಬ ರಾಯಭಾರಿ ಬಿಜಾಪುರಕ್ಕೆ ಬಂದಿದ್ದ. ಇಲ್ಲಿ ಅವನು ಜೀವನದಲ್ಲಿ ಮೊದಲ ಸಲ ತಂಬಾಕು ನೋಡಿದ. ಪೋರ್ಚುಗೀಸರ ಹಡಗುಗಳಲ್ಲಿ ಬಂದ ಆ ಎಲೆ ದಖ್ಖನಿಗೆ ಆಗಲೇ ಮುಟ್ಟಿತ್ತು, ಆಗ್ರಾಕ್ಕೆ ಇನ್ನೂ ಮುಟ್ಟಿರಲಿಲ್ಲ. ಅವನು ಒಂದಷ್ಟು ಕೊಂಡುಕೊಂಡು ಒಂದು ಕೊಳವೆ ಸಿದ್ಧಪಡಿಸಿದ. ಮೂರು ಮೊಳ ಉದ್ದ, ಎರಡೂ ತುದಿಗೆ ರತ್ನ ಮತ್ತು ಬಣ್ಣದ ಮೀನಾ ಕೆಲಸ, ಬಾಯಿಗಿಡಲು ಅಕೀಕ್ ಕಲ್ಲಿನ ತುದಿ, ಬೆಂಕಿಗೆ ಚಿನ್ನದ ಬಟ್ಟಲು. ಆದಿಲ್‌ಶಾಹ ಕೊಟ್ಟಿದ್ದ ಸುಂದರ ಎಲೆಯಡಿಕೆ ಚೀಲದಲ್ಲಿ ತಂಬಾಕು ತುಂಬಿ, ಎಲ್ಲವನ್ನೂ ಬೆಳ್ಳಿ ತಟ್ಟೆಯಲ್ಲಿಟ್ಟು ಸುಮಾರು 1604ರಲ್ಲಿ ಅಕ್ಬರನ ಮುಂದಿಟ್ಟ.

ಅಕ್ಬರ ಕುತೂಹಲಕ್ಕೆ ಎರಡು ಮೂರು ಸಲ ಎಳೆದ. ಆಸ್ಥಾನದ ಹಕೀಮ ತಡೆದ. ನಮ್ಮ ವೈದ್ಯರು ಪರೀಕ್ಷಿಸಿಲ್ಲದ ವಸ್ತು, ಇದರ ಗುಣ ಗೊತ್ತಿಲ್ಲ, ಹುಝೂರ್ ಸೇದುವುದು ಬೇಡ ಎಂದ. ಅಸದ್ ಬೇಗ್ ಬಿಡಲಿಲ್ಲ. ಫರಂಗಿಗಳು ಮೂರ್ಖರಲ್ಲ, ಅವರಲ್ಲೂ ಜ್ಞಾನಿಗಳಿದ್ದಾರೆ, ಹೊಸದು ಎಂಬ ಕಾರಣಕ್ಕೆ ತಳ್ಳಬಾರದು ಎಂದು ವಾದಿಸಿದ. ಅಕ್ಬರ ಮುಂದೆ ಸೇದಲಿಲ್ಲ. ಆದರೆ ಅಮೀರರು ಒಬ್ಬೊಬ್ಬರಾಗಿ ತಮಗೂ ಬೇಕೆಂದರು, ವ್ಯಾಪಾರಿಗಳು ತರಿಸತೊಡಗಿದರು, ಕೆಲವೇ ದಿನಗಳಲ್ಲಿ ಅದು ಮಾಮೂಲಾಯಿತು. ಇದೆಲ್ಲ ಅಸದ್ ಬೇಗ್ ತಾನೇ ಬರೆದಿಟ್ಟದ್ದು. 1617ರಲ್ಲಿ ಜಹಾಂಗೀರ್ ತಂಬಾಕು ನಿಷೇಧಿಸಿ ಆಜ್ಞೆ ಹೊರಡಿಸುವ ಹೊತ್ತಿಗೆ ತಡವಾಗಿತ್ತು. ನೋಡಿ, ಆ ದರ್ಬಾರಿನಲ್ಲಿ ಜನರನ್ನು ಸೆಳೆದದ್ದು ಎಲೆಯ ರುಚಿಗಿಂತ ಮೊದಲು ಆ ಕೊಳವೆ. ಹೊಳೆಯುವ ಹೊಸ ಸಾಧನ, ದೂರದೇಶದ ಹೆಸರು, ದೊಡ್ಡವರ ಕೈಯಲ್ಲಿ ಕಂಡದ್ದು. ‘ಪರೀಕ್ಷೆಯಾಗಿಲ್ಲ’ ಎಂದ ಹಕೀಮನ ಮಾತು ಸರಿ ಎಂದು ವಿಜ್ಞಾನ ಖಚಿತವಾಗಿ ತೋರಿಸಲು ಮುನ್ನೂರೈವತ್ತು ವರ್ಷ ಬೇಕಾಯಿತು. ತಂಬಾಕು ಮತ್ತು ಶ್ವಾಸಕೋಶದ ಕ್ಯಾನ್ಸರಿನ ಸಂಬಂಧದ ಪ್ರಸಿದ್ಧ ಅಧ್ಯಯನಗಳು ಪ್ರಕಟವಾದದ್ದು 1950ರಲ್ಲಿ. ಅಲ್ಲಿಯವರೆಗೆ ನಮ್ಮ ಉಲಮಾಗಳಲ್ಲೂ ತಂಬಾಕಿನ ಬಗ್ಗೆ ಮುಬಾಹ್, ಮಕ್ರೂಹ್, ಹರಾಮ್ ಎಂದು ಮೂರು ಅಭಿಪ್ರಾಯಗಳು ನಡೆದವು.

ಇ-ಸಿಗರೇಟನ್ನು ಈಗಿನ ರೂಪಕ್ಕೆ ತಂದವರು ಹೋನ್ ಲಿಕ್ ಎಂಬ ಚೀನಾದ ಔಷಧ ತಜ್ಞರು, 2003ರಲ್ಲಿ. ಅವರ ತಂದೆ ವಿಪರೀತ ಸಿಗರೇಟ್ ಸೇದುತ್ತಿದ್ದವರು, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಸಿಗರೇಟಿನಿಂದ ಬಿಡುಗಡೆಗೆ ಒಂದು ದಾರಿ ಎಂದು ಶುರುವಾದದ್ದು ಅದು. ಆದರೆ ಹಣ್ಣಿನ ರುಚಿ, ಪುದೀನ ರುಚಿ ಬೆರೆಸಿ ಪೆನ್ ಡ್ರೈವ್‌ನಂತೆ, ಬಣ್ಣದ ಪೆನ್ನಿನಂತೆ ತಯಾರಿಸಿ ಮಾರಿದಾಗ ಅದು ಎಂದೂ ಸಿಗರೇಟ್ ಮುಟ್ಟದ ಮಕ್ಕಳ ಕೈ ಸೇರಿತು. ಹುಡುಗರ ಎರಡನೆಯ ಪ್ರಶ್ನೆಗೆ ಉತ್ತರ ಇದು: ಅದು ಬರೀ ಹಬೆ ಅಲ್ಲ. ಒಳಗಿನ ದ್ರವದಲ್ಲಿ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ, ಅದನ್ನು ಕಾಯಿಸಿದಾಗ ಹೊರಡುವ ಸೂಕ್ಷ್ಮ ಹನಿಗಳು ಎದೆಯೊಳಗೆ ಇಳಿಯುತ್ತವೆ. ಸೇದಿದರೆ ಟೆನ್ಶನ್ ಇಳಿಯುತ್ತದೆ ಎನ್ನುತ್ತಾರೆ. ನಿಕೋಟಿನ್‌ಗೆ ಒಗ್ಗಿದ ಮಿದುಳು ಅದು ಸಿಗದಾಗ ಚಡಪಡಿಸುತ್ತದೆ, ಸಿಡುಕುತ್ತದೆ, ನಿದ್ದೆ ಕೆಡಿಸುತ್ತದೆ. ಮತ್ತೆ ಸೇದಿದಾಗ ಆ ಚಡಪಡಿಕೆ ಇಳಿಯುತ್ತದೆ. ಅವನು ಶಾಂತಿ ಎಂದುಕೊಳ್ಳುವುದು ಅದೇ ವಸ್ತು ಕೊಟ್ಟ ಗಾಯಕ್ಕೆ ಅದೇ ವಸ್ತು ಹಚ್ಚುವ ಮುಲಾಮು. ಹದಿನಾರು ಹದಿನೇಳರ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ, ಅದರ ಬೆಳವಣಿಗೆ ಇಪ್ಪತ್ತೈದರ ಸುಮಾರಿನವರೆಗೂ ನಡೆಯುತ್ತದೆ. ಆ ವಯಸ್ಸಿನಲ್ಲಿ ಚಟ ಬೇಗ ಹತ್ತುತ್ತದೆ, ಆಳಕ್ಕೆ ಹೋಗುತ್ತದೆ.

ಅದೇ ಕೊಳವೆಯಲ್ಲಿ ನಿಕೋಟಿನ್ ಬದಲು ಗಾಂಜಾದ ಎಣ್ಣೆಯನ್ನೂ ತುಂಬಬಹುದು. ಚಿಲುಮೆ ಸೇದಿದವನ ಬಟ್ಟೆ ಮೈಲು ದೂರದಿಂದ ನಾರುತ್ತಿತ್ತು, ಇದು ಅಷ್ಟು ನಾರುವುದಿಲ್ಲ, ತಾಯಿಗೆ ಗೊತ್ತಾಗುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರಿಗೆ ಇದ್ದಕ್ಕಿದ್ದಂತೆ ಶ್ವಾಸಕೋಶ ಕೆಡುವ ಕಾಯಿಲೆ ಹಬ್ಬಿತು. 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು ಇಲ್ಲವೇ ತೀರಿಕೊಂಡಿದ್ದರು, ಸತ್ತವರ ಸಂಖ್ಯೆ 68. ಅವರಲ್ಲಿ ಹೆಚ್ಚಿನವರು ಸೇದಿದ್ದು ಗಾಂಜಾದ ಎಣ್ಣೆ, ಅದಕ್ಕೆ ಬೆರೆಸಿದ್ದ ಒಂದು ಪದಾರ್ಥ ಮುಖ್ಯ ಕಾರಣವೆಂದು ಕಂಡುಬಂತು. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ತಡೆದಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿತು. ಮಾರುವವನಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಮ್ಮ ಮುಹಲ್ಲಾದ ಸಣ್ಣ ಅಂಗಡಿಯವರು ಇದನ್ನು ತಿಳಿದಿರಲಿ.

ಇನ್ನು ಗಾಂಜಾ. ಇದರ ಪರವಾಗಿ ಮಾತಾಡುವವರು, ಇಂಟರ್‌ನೆಟ್ ಓದಿಕೊಂಡ ಹುಡುಗರು ಕೂಡ, ಒಂದು ಹಳೆಯ ವರದಿಯನ್ನು ಎತ್ತುತ್ತಾರೆ. ಬಿಎಯಲ್ಲಿ ಇತಿಹಾಸ ಓದಿದವನಾದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಭಾರತದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದಿದವರಿಂದ ತುಂಬಿವೆಯಂತೆ, ಸರ್ಕಾರ ಅದರ ಮೇಲೆ ತೆರಿಗೆ ತಿನ್ನುತ್ತಿದೆಯಂತೆ ಎಂದು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಏಳು ಜನರ ಆಯೋಗ ನೇಮಕವಾಯಿತು, ಮೂವರು ಭಾರತೀಯರು. 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ಅನೇಕ ಸಂಪುಟಗಳ ವರದಿ ಕೊಟ್ಟಿತು. ಆಗ ಗಂಗಾವತಿ ನಿಜಾಮರ ರಾಜ್ಯದಲ್ಲಿತ್ತು, ಹೊಳೆಯಾಚೆಯ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿ, ಧಾರವಾಡ ಬೊಂಬಾಯಿ ಪ್ರಾಂತದಲ್ಲಿ. ಈಗ ಡಿಮ್ಹಾನ್ಸ್ ಎಂದು ನಾವು ಕರೆಯುವ ಧಾರವಾಡದ ಮನೋರೋಗಿಗಳ ಆಸ್ಪತ್ರೆ ಆ ಕಾಲಕ್ಕೇ ಹಳೆಯದು.

ಆಯೋಗ ಆಸ್ಪತ್ರೆಗಳ ರಿಜಿಸ್ಟರುಗಳನ್ನು ಒಂದೊಂದಾಗಿ ತಪಾಸಣೆ ಮಾಡಿತು. 1892ರಲ್ಲಿ ದಾಖಲಾದವರು 1,344 ಜನ. ಅವರಲ್ಲಿ 222 ಜನರ ಹುಚ್ಚಿಗೆ ಗಾಂಜಾ, ಭಂಗಿ, ಚರಸ್ ಕಾರಣ ಎಂದು ಬರೆದಿತ್ತು. ವಿಚಾರಿಸಿ ನೋಡಿದರೆ ಆ ಕಾಲಂ ತುಂಬಿದ್ದು ಬಹಳ ಕಡೆ ಡಾಕ್ಟರಲ್ಲ. ರೋಗಿಯನ್ನು ಹಿಡಿದು ತಂದ ಪೊಲೀಸರ ಕಾಗದದಲ್ಲಿ ಕಾರಣ ಬರೆಯಲೇಬೇಕಿತ್ತು, ಗೊತ್ತಿಲ್ಲದಿದ್ದರೆ ‘ಗಾಂಜಾ’ ಎಂದು ಬರೆಯುತ್ತಿದ್ದರು, ಗುಮಾಸ್ತ ಅದನ್ನೇ ನಕಲು ಮಾಡುತ್ತಿದ್ದ. ಜರಡಿ ಹಿಡಿದ ಮೇಲೆ ಉಳಿದದ್ದು 98 ಪ್ರಕರಣ. ಮಿತವಾಗಿ ಬಳಸುವವರಿಗೆ ಹೇಳುವಂಥ ಹಾನಿಯಿಲ್ಲ, ಅತಿಯಾಗಿ ಬಳಸುವವರಿಗೆ, ಅದರಲ್ಲೂ ಮನಸ್ಸು ಮೊದಲೇ ದುರ್ಬಲವಾಗಿರುವವರಿಗೆ ಹಾನಿ ಇದೆ ಎಂದು ಆಯೋಗ ತೀರ್ಮಾನಿಸಿತು.

ಈ ವರದಿಯ ಮೊದಲ ಅರ್ಧವನ್ನು ಹುಡುಗರು ಹೇಳುತ್ತಾರೆ, ಎರಡನೆಯ ಅರ್ಧವನ್ನು ನುಂಗುತ್ತಾರೆ. 98 ಎಂಬುದು ಸೊನ್ನೆಯಲ್ಲ. ಆಯೋಗ ನೋಡಿದ್ದು ಬಹುತೇಕ ಬೆಳೆದ ಗಂಡಸರನ್ನು, ಕೂಲಿಯವರನ್ನು, ಸಾಧು ಫಕೀರರನ್ನು. ಹೈಸ್ಕೂಲ್ ಹುಡುಗ ದಿನಾ ಸೇದಿದರೆ ಹತ್ತು ವರ್ಷದ ನಂತರ ಏನಾಗುತ್ತಾನೆ ಎಂಬ ಪ್ರಶ್ನೆ ಅದರ ಮುಂದೆ ಇರಲೇ ಇಲ್ಲ. ಆ ಪ್ರಶ್ನೆ ಕೇಳಿದವರು ಸ್ವೀಡನ್ ದೇಶದವರು. ಅಲ್ಲಿ 1969–70ರಲ್ಲಿ ಸೈನ್ಯಕ್ಕೆ ಕರೆಸಿಕೊಂಡ 45,570 ತರುಣರನ್ನು ಹದಿನೈದು ವರ್ಷ ಹಿಂಬಾಲಿಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ವಯಸ್ಸಿಗೆ ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಗಂಭೀರ ಮನೋರೋಗ ಬರುವ ಸಾಧ್ಯತೆ ಸೇದದವರಿಗಿಂತ ಆರು ಪಟ್ಟು ಇತ್ತು. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ ಹುಟ್ಟಿನಿಂದಲೇ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ 2002ರಲ್ಲಿ ಬಂತು. ಹದಿನೈದು ವರ್ಷಕ್ಕೇ ಗಾಂಜಾ ಶುರು ಮಾಡಿದವರಲ್ಲಿ ಇಪ್ಪತ್ತಾರರ ಹೊತ್ತಿಗೆ ಅಂಥ ಕಾಯಿಲೆಯ ಲಕ್ಷಣ ಕಂಡವರು ನೂರಕ್ಕೆ ಹತ್ತು, ಉಳಿದವರಲ್ಲಿ ನೂರಕ್ಕೆ ಮೂರು. ಆ ಗುಂಪು ಚಿಕ್ಕದಾಗಿತ್ತು, ಆದರೂ ಬೊಟ್ಟು ತೋರಿಸಿದ ದಿಕ್ಕು ಅದೇ. 2019ರಲ್ಲಿ ಯುರೋಪ್ ಮತ್ತು ಬ್ರೆಜಿಲ್‌ನ ಹನ್ನೊಂದು ಕಡೆ ನಡೆದ ಅಧ್ಯಯನದಲ್ಲಿ, ಹೆಚ್ಚು ತೀಕ್ಷ್ಣವಾದ ಗಾಂಜಾವನ್ನು ದಿನಾ ಸೇದುವವರಿಗೆ ಅಪಾಯ ಸುಮಾರು ಐದು ಪಟ್ಟು ಎಂದು ಕಂಡಿತು.

ತೀಕ್ಷ್ಣ ಎಂಬ ಮಾತು ಮುಖ್ಯ. ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ಅಂಶವನ್ನು ವಿಜ್ಞಾನಿಗಳು 1964ರಲ್ಲಿ ಬೇರ್ಪಡಿಸಿದರು. ಆಮೇಲೆ ಅದನ್ನು ಹೆಚ್ಚು ಮಾಡುವ ತಳಿಗಳು ಬಂದವು, ಈಗ ಎಣ್ಣೆಯ ರೂಪದಲ್ಲಿ ಅದನ್ನೇ ಹಿಂಡಿ ತೆಗೆಯುತ್ತಾರೆ. ಅಜ್ಜನ ಕಾಲದ ಭಂಗಿಯ ಲೆಕ್ಕ ಹೇಳಿ ಈಗಿನ ವಸ್ತುವನ್ನು ಅಳೆಯುವುದು ಹೊಳೆಯ ಆಳವನ್ನು ಕಾಲುವೆಯಲ್ಲಿ ನಿಂತು ಹೇಳಿದಂತೆ.

ಸೇದಿದವರಿಗೆಲ್ಲ ಹುಚ್ಚು ಹಿಡಿಯುತ್ತದೆ ಎಂದು ಮಾತ್ರ ನಾವು ಹೇಳಬಾರದು. ಅದು ನಿಜವಲ್ಲ, ಹುಡುಗನಿಗೆ ಅದು ಗೊತ್ತು, ಅವನ ಗೆಳೆಯ ಸೇದಿಯೂ ಕ್ರಿಕೆಟ್ ಆಡುತ್ತಿರುತ್ತಾನೆ. ಒಂದು ಸುಳ್ಳು ಸಿಕ್ಕಿಬಿದ್ದರೆ ನಾವು ಹೇಳುವ ನಿಜವನ್ನೂ ಅವನು ನಂಬುವುದಿಲ್ಲ. ಯಾರ ಮನಸ್ಸು ತಡೆದುಕೊಳ್ಳುತ್ತದೆ, ಯಾರದು ಒಡೆಯುತ್ತದೆ ಎಂದು ಸೇದುವ ಮೊದಲು ಯಾರೂ ಹೇಳಲಾರರು. ಮನೆತನದಲ್ಲಿ ಮನೋರೋಗ ಇದ್ದವರಿಗೆ ಅಪಾಯ ಹೆಚ್ಚು. ಇಷ್ಟನ್ನೇ ಹೇಳಬೇಕು, ಇಷ್ಟೇ ಸಾಕಷ್ಟು ಭಾರವಾಗಿದೆ.

ನಮ್ಮ ತಾಲೂಕಿನ ಮಾತು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊಳೆಯ ಈಚೆ, ಆನೆಗೊಂದಿ ಬಳಿಯ ವಿರೂಪಾಪುರಗಡ್ಡಿ ವಿದೇಶಿ ಪ್ರವಾಸಿಗಳ ನೆಲೆಯಾಯಿತು, ಹರಿಗೋಲು ದಾಟಿ ಬಂದವರಿಗೆ ಗದ್ದೆಯ ನಡುವೆ ರೆಸಾರ್ಟುಗಳು ಎದ್ದವು. ಅಲ್ಲಿನ ಗಾಂಜಾದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಮಾರ್ಚ್‌ನಲ್ಲಿ ರೆಸಾರ್ಟುಗಳನ್ನು ಕೆಡವಿದರು. ಕಾರಣ ಗಾಂಜಾ ಅಲ್ಲ, ಪರಂಪರೆಯ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದರೆಂದು. ಎಲ್ಲ ಪಿಡುಗೂ ಗಡ್ಡಿಯಿಂದ, ಗೋರಾ ಜನರಿಂದ ಬಂತು ಎಂದು ನಮ್ಮವರು ಹೇಳುವುದುಂಟು. ಇದು ಅರ್ಧ ಸತ್ಯ ಕೂಡ ಅಲ್ಲ. ಭಂಗಿಯ ಚಿಲುಮೆ ಈ ಸೀಮೆಯಲ್ಲಿ ಅವರಿಗಿಂತ ಬಹಳ ಮೊದಲೇ ಇತ್ತು. ಉರೂಸುಗಳಲ್ಲಿ ಮಲಂಗ ಫಕೀರರ ಚಿಲುಮೆಯ ಸುತ್ತ ಕೂತವರನ್ನು ಕಂಡು ಕಣ್ಣು ತಿರುಗಿಸಿಕೊಂಡು ಹೋದ ಹಿರಿಯರು ನಮ್ಮಲ್ಲೇ ಇದ್ದರು. ಹುಡುಗರು ಅದನ್ನೂ ನೋಡಿದ್ದಾರೆ. ಗಡ್ಡಿ ಖಾಲಿಯಾಗಿ ವರ್ಷಗಳಾದರೂ ಗಾಂಜಾ ಹಿಡಿದ ಸುದ್ದಿ ನಿಂತಿಲ್ಲವಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು ದೇಶದಲ್ಲಿ ಸುಮಾರು 3.1 ಕೋಟಿ. ಇಷ್ಟು ಜನರನ್ನು ಯಾವ ಪರದೇಶಿಯೂ ಕೆಡಿಸಿರಲಾರ.

ಈಗ ನನಗೆ ಹೆಚ್ಚು ಕಳವಳ ತರುವ ಸಂಗತಿಗೆ ಬರುತ್ತೇನೆ. 1892ರ ಗುಮಾಸ್ತ ಎಲ್ಲ ಹುಚ್ಚಿಗೂ ‘ಗಾಂಜಾ’ ಎಂದು ಬರೆದ. ನಮ್ಮ ಮನೆಗಳಲ್ಲಿ ನಡೆಯುವುದು ಅದರ ತಿರುವು. ಹುಡುಗ ರಾತ್ರಿಯೆಲ್ಲ ಎಚ್ಚರ, ಹಗಲು ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾನೆ, ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎನ್ನುತ್ತಾನೆ, ಇಲ್ಲದ ದನಿ ಕೇಳಿಸುತ್ತದೆ, ಕಾರಣವಿಲ್ಲದೆ ನಗುತ್ತಾನೆ, ಕಾಲೇಜು ಬಿಟ್ಟಿದ್ದಾನೆ. ತಂದೆತಾಯಿ ನನ್ನ ಬಳಿ ಬಂದು ‘ಹಜರತ್, ಹುಡುಗಗ ಗಾಳಿ ಸೋಕೈತ್ರಿ, ಯಾರೋ ಮಾಡಿಸ್ಯಾರ್ರಿ’ ಎನ್ನುತ್ತಾರೆ. ಗಾಂಜಾದ ಮಾತು ಎತ್ತಿದರೆ ತಂದೆಯ ಮುಖ ಇಳಿಯುತ್ತದೆ. ಅವನಿಗೆ ಗೊತ್ತಿರುತ್ತದೆ. ಜಿನ್ನಿನ ಹೆಸರು ಹೇಳಿದರೆ ಮಗ ನಿರಪರಾಧಿ, ಗಾಂಜಾದ ಹೆಸರು ಹೇಳಿದರೆ ಮಗಳ ನಿಶ್ಚಿತಾರ್ಥ ಮುರಿಯಬಹುದು, ಪೊಲೀಸ್ ಬರಬಹುದು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಒಂದು ದರ್ಗಾದಿಂದ ಇನ್ನೊಂದಕ್ಕೆ, ಒಬ್ಬ ಆಮಿಲನಿಂದ ಇನ್ನೊಬ್ಬನಿಗೆ ಸುತ್ತುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಈ ಕಾಯಿಲೆಯಲ್ಲಿ ಮೊದಲ ತಿಂಗಳುಗಳೇ ಬೆಲೆಬಾಳುವವು, ಚಿಕಿತ್ಸೆ ತಡವಾದಷ್ಟೂ ಹುಡುಗ ಮೊದಲಿನಂತಾಗುವ ಆಸೆ ಕುಗ್ಗುತ್ತದೆ.

ದುಆ ಮಾಡುತ್ತೇನೆ, ಕುರ್‌ಆನ್ ಓದಿ ಊದುತ್ತೇನೆ, ಅದು ಸುನ್ನತ್. ಔಷಧ ಮಾಡಿಕೊಳ್ಳಿ ಎಂದು ಪ್ರವಾದಿ (ಸ) ಹೇಳಿದ್ದೂ ಸುನ್ನತ್ತೇ. ಮನೋರೋಗಕ್ಕೆ ವೈದ್ಯರ ಬಳಿ ಹೋಗುವುದು ಈಮಾನಿನ ಕೊರತೆ ಎನ್ನುವವರು ನಮ್ಮ ಚರಿತ್ರೆ ಓದಿಲ್ಲ. 934ರಲ್ಲಿ ತೀರಿಕೊಂಡ ಅಬೂ ಝೈದ್ ಬಲ್ಖೀ ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡನ್ನೂ ಒಂದೇ ಗ್ರಂಥದಲ್ಲಿ ಬರೆದು, ಭಯ, ದುಃಖ, ಕಾಡುವ ಯೋಚನೆಗಳನ್ನು ಒಂದೊಂದಾಗಿ ಚರ್ಚಿಸಿದರು. ದಮಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನ್ ಆಸ್ಪತ್ರೆ ಕಟ್ಟಿಸಿದ. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಬೀಮಾರಿಸ್ತಾನದಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು, ಖರ್ಚು ವಕ್ಫ್‌ನಿಂದ ನಡೆಯುತ್ತಿತ್ತು. ಹಶೀಶ್ ಹರಾಮ್ ಎಂದು ಫತ್ವಾ ಬರೆದದ್ದೂ ಅದೇ ಕೈರೋ.

ಇನ್ನು ದೂರದ ಮಾತೇ ಬೇಡ. ಮನೋರೋಗದ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತರಬಹುದು ಎಂದು ಬೆಂಗಳೂರಿನ ನಿಮ್ಹಾನ್ಸ್ ಮೊದಲು ಜಿಲ್ಲೆಯ ಮಟ್ಟದಲ್ಲಿ ತೋರಿಸಿಕೊಟ್ಟದ್ದು 1985ರ ನಂತರ ಹೊಳೆಯಾಚೆಯ ಬಳ್ಳಾರಿಯಲ್ಲೇ. ‘ಬಳ್ಳಾರಿ ಮಾದರಿ’ ಎಂದೇ ಅದಕ್ಕೆ ಹೆಸರು. 1996ರಿಂದ ದೇಶದಲ್ಲಿ ಜಾರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿ. ಹರಿಗೋಲಿನ ದೂರದಲ್ಲಿ ಹುಟ್ಟಿದ ವ್ಯವಸ್ಥೆಯನ್ನು ನಾವು ಬಳಸದೆ ಕೂತಿದ್ದೇವೆ.

ಪೊಲೀಸರ ಭಯದ ಬಗ್ಗೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಗೂ ಶಿಕ್ಷೆ ಇದೆ, ಆರು ತಿಂಗಳವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅದೇ ಕಾಯ್ದೆಯ 64ಎ ಕಲಮನ್ನು ಬಹಳ ಜನ ಕೇಳಿಲ್ಲ. ಚಟಕ್ಕೆ ಬಿದ್ದವನು ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಸಿಕ್ಕಿದ್ದರೂ, ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಸೇರಿದರೆ ಆ ಆರೋಪದ ವಿಚಾರಣೆಯಿಂದ ಅವನಿಗೆ ರಕ್ಷಣೆ ಇದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ನಡುವೆ ಬಿಟ್ಟರೆ ರಕ್ಷಣೆ ಹೋಗಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾದಕ ವಸ್ತುಗಳಿಂದ ಬರುವ ಮನೋಸ್ಥಿತಿಯನ್ನೂ ಕಾಯಿಲೆ ಎಂದೇ ಎಣಿಸುತ್ತದೆ, ರೋಗಿಯ ವಿವರವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ ಎನ್ನುತ್ತದೆ. ಹೆಸರು ಹೇಳದೆ ಮೊದಲು ಮಾತಾಡಬೇಕಿದ್ದರೆ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ, 14416 ಸಂಖ್ಯೆಗೆ ಕನ್ನಡದಲ್ಲೇ ಮಾತಾಡಬಹುದು, ಹಣ ಇಲ್ಲ. ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವನ್ನು ವಿಚಾರಿಸಿ, ನಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನೂ ಕೇಳಿಟ್ಟುಕೊಳ್ಳಿ. ಧಾರವಾಡದ ಡಿಮ್ಹಾನ್ಸ್ ರೈಲಿನ ದಾರಿಯಲ್ಲೇ ಇದೆ.

ಆಸ್ಪತ್ರೆಯ ಚೀಟಿ ಬರೆಸುವ ಕಡೆ ನಿಲ್ಲಲು ನಾಚಿಕೆಯಾಗುವ ತಂದೆ ಇಷಾ ನಮಾಜಿನ ನಂತರ ನನ್ನನ್ನು ಪ್ರತ್ಯೇಕವಾಗಿ ಕಾಣಬಹುದು. ಹುಡುಗನ ಹೆಸರನ್ನು ನಾನು ಯಾರಿಗೂ ಹೇಳುವುದಿಲ್ಲ. ಬೇಕಿದ್ದರೆ ಅವನ ಜೊತೆ ಬಸ್ ಹತ್ತಿ ಬರುತ್ತೇನೆ, ಗುರುವಾರ ಮತ್ತು ಜುಮಾ ಬಿಟ್ಟು ಯಾವ ದಿನವಾದರೂ.